ಬಸಿರಿಗೆ ಮುಂಚಿನ ಮಾತ್ರೆಗಳು: ಒಬ್ಬ ವೈದ್ಯೆಯ ಅನುಭವದ ಪಾಠಗಳು

ಹಾಸನ ಸೀಮೆಯ ತಾಲ್ಲೂಕು ಪಟ್ಟಣವೊಂದರಲ್ಲಿ ನಾನು ಹೆರಿಗೆ ಮತ್ತು ಸ್ತ್ರೀರೋಗ ವೈದ್ಯೆ. ಮಗು ಬೇಕೆಂದು ಬರುವ ಹೆಣ್ಣುಮಕ್ಕಳು ಈಚೆಗೆ ಚೀಲದ ತುಂಬ ಔಷಧಿ ಹಿಡಿದೇ ಬರುತ್ತಾರೆ. ಮೆಡಿಕಲ್ ಶಾಪಿನವರು ಕೊಟ್ಟ ಮಲ್ಟಿವಿಟಮಿನ್, ಬೆಂಗಳೂರಿನ ನಾದಿನಿ ಆನ್‌ಲೈನಿನಲ್ಲಿ ತರಿಸಿಕೊಟ್ಟ ಪುಡಿಯ ಡಬ್ಬ, ಕೂದಲು ಉದುರುತ್ತದೆಂದು ಶುರುಮಾಡಿದ ಕ್ಯಾಪ್ಸೂಲು, ಯಾರೋ ಹೇಳಿದರೆಂದು ತಂದ ಬೇರಿನ ಪೊಟ್ಟಣ. ಕೂಲಿ ಮಾಡುವ ಮನೆಯಲ್ಲೂ ತಿಂಗಳಿಗೆ ಸಾವಿರಾರು ರೂಪಾಯಿ ಇದಕ್ಕೆ ಹೋಗುತ್ತಿರುತ್ತದೆ. ಅಷ್ಟೆಲ್ಲ ಇದ್ದರೂ ನಿಜಕ್ಕೂ ಬೇಕಾದ ಒಂದು ಮಾತ್ರೆ ಬಹಳ ಸಲ ಆ ಚೀಲದಲ್ಲಿ ಇರುವುದಿಲ್ಲ. ಅವರಿಗೆ ಕೂರಿಸಿಕೊಂಡು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಫೋಲಿಕ್ ಆಮ್ಲವನ್ನು ಮುಟ್ಟು ನಿಲ್ಲುವ ಮೊದಲೇ ಶುರುಮಾಡಬೇಕು

ಇದೊಂದನ್ನು ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಬೇಸರವಿಲ್ಲ.

ಮಗುವಿನ ಮೆದುಳು, ಬೆನ್ನುಹುರಿ ಎರಡೂ ಬೆಳೆಯುವುದು ಒಂದು ಸಣ್ಣ ನರಕೊಳವೆಯಿಂದ. ಗರ್ಭ ಕಟ್ಟಿದ 28 ದಿನಗಳೊಳಗೆ ಆ ಕೊಳವೆ ಮುಚ್ಚಿಕೊಳ್ಳಬೇಕು. ಈಗ ನಮ್ಮ ಮನೆಗಳ ಲೆಕ್ಕ ನೋಡಿ. ಮುಟ್ಟಾದ ಸುಮಾರು ಎರಡು ವಾರಕ್ಕೆ ಗರ್ಭ ಕಟ್ಟುತ್ತದೆ. ಇನ್ನೆರಡು ವಾರ ಕಳೆದ ಮೇಲೆ ಮುಟ್ಟು ತಪ್ಪಿದ್ದು ತಿಳಿಯುತ್ತದೆ. ಇನ್ನೊಂದು ವಾರ ನೋಡೋಣ ಎಂದು ಕಾದು, ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು, ಗಂಡನಿಗೆ, ಅತ್ತೆಗೆ, ತವರಿಗೆ ತಿಳಿಸಿ, ಮಂಗಳವಾರ, ಅಮಾವಾಸ್ಯೆ ಕಳೆಯಲಿ ಎಂದುಕೊಂಡು ಆಸ್ಪತ್ರೆಗೆ ಬರುವ ಹೊತ್ತಿಗೆ ಕೊಳವೆ ಮುಚ್ಚುವ ಕಾಲ ಮುಗಿದಿರುತ್ತದೆ. ಮುಚ್ಚದೆ ಉಳಿದಿದ್ದರೆ ಆಮೇಲೆ ಎಷ್ಟು ಮಾತ್ರೆ ನುಂಗಿದರೂ ಅದು ಕೂಡಿಕೊಳ್ಳದು. ತಲೆಬುರುಡೆ ಬೆಳೆಯದ ಮಗು, ಬೆನ್ನುಮೂಳೆ ಸೀಳಿ ನರಗಳು ಹೊರಗೆ ಉಬ್ಬಿದ ಮಗು ಆಗುವುದು ಹೀಗೆ. ಐದನೇ ತಿಂಗಳ ಸ್ಕ್ಯಾನಿಂಗ್ ವರದಿ ಕೈಯಲ್ಲಿ ಹಿಡಿದು ಆ ಸುದ್ದಿಯನ್ನು ತಾಯಿಗೆ ಹೇಳುವುದಕ್ಕಿಂತ ಕಷ್ಟದ ಕೆಲಸ ನನ್ನ ವೃತ್ತಿಯಲ್ಲಿಲ್ಲ.

ಈ ಮಾತಿಗೆ ಗಟ್ಟಿ ಆಧಾರವಿದೆ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಏಳು ದೇಶಗಳ 33 ಕೇಂದ್ರಗಳಲ್ಲಿ ಒಂದು ಅಧ್ಯಯನ ನಡೆಸಿ 1991ರಲ್ಲಿ ಪ್ರಕಟಿಸಿತು. ಹಿಂದೊಮ್ಮೆ ಇಂಥ ಮಗುವಾಗಿದ್ದ ತಾಯಂದಿರಿಗೆ ಗರ್ಭಕ್ಕೆ ಮುಂಚಿನಿಂದ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟಾಗ ಅದು ಮರುಕಳಿಸುವ ಸಾಧ್ಯತೆ ಶೇ. 72ರಷ್ಟು ತಗ್ಗಿತು. ಮರುವರ್ಷ ಹಂಗೇರಿಯಿಂದ ಬಂದ ಅಧ್ಯಯನ, ಹಿಂದೆ ಯಾವ ತೊಂದರೆಯೂ ಇಲ್ಲದ ಹೆಂಗಸರಿಗೂ ಇದರಿಂದ ರಕ್ಷಣೆ ಸಿಗುತ್ತದೆ ಎಂದು ತೋರಿಸಿತು. ಬಸಿರಿಗೆ ಮುಂಚೆ ನುಂಗುವ ಬೇರೆ ಯಾವ ವಿಟಮಿನ್ನಿಗೂ ಇಷ್ಟು ಸ್ಪಷ್ಟವಾದ ಪುರಾವೆ ಇಲ್ಲ.

ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಗರ್ಭ ಕಟ್ಟುವ ಒಂದು ತಿಂಗಳ ಮೊದಲಾದರೂ ಶುರುವಾಗಿರಬೇಕು, ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಬಸಿರಾದ ಮೇಲೆ 12 ವಾರ ತುಂಬುವವರೆಗೆ ಬಿಡಬಾರದು. "ಇನ್ನೂ ನಿಂತೇ ಇಲ್ವಲ್ಲ ಮೇಡಂ, ಈಗ್ಲೇ ಮಾತ್ರೆ ಯಾಕೆ?" ಎಂದು ಅತ್ತೆಯಂದಿರು ಕೇಳುತ್ತಾರೆ. ನಿಲ್ಲುವ ಮೊದಲು ತಗೊಂಡರೇ ಇದು ಕೆಲಸ ಮಾಡೋದು ಕಣಮ್ಮ ಅನ್ನುತ್ತೇನೆ. ದಿನಗಳನ್ನು ಬೆರಳ ಮೇಲೆ ಎಣಿಸಿ ತೋರಿಸಿದರೆ ಬಹಳಷ್ಟು ಅತ್ತೆಯಂದಿರು ಒಪ್ಪುತ್ತಾರೆ. ಎಷ್ಟೋ ಮನೆಗಳಲ್ಲಿ ಮಾತ್ರೆ ನೆನಪಿಸುವವರೂ ಅವರೇ.

2. ಮೈಕ್ರೋ ಯಾವುದು, ಮಿಲಿ ಯಾವುದು ನೋಡಿ ಕೊಳ್ಳಿ

400 ಮೈಕ್ರೋಗ್ರಾಂ ಎಂದರೆ 0.4 ಮಿಲಿಗ್ರಾಂ. ನಮ್ಮ ಪಟ್ಟಣಗಳ ಮೆಡಿಕಲ್ ಶಾಪುಗಳಲ್ಲಿ ಫೋಲಿಕ್ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು 5 ಮಿಲಿಗ್ರಾಂ ಮಾತ್ರೆ. ಅಂದರೆ ಹನ್ನೆರಡೂವರೆ ಪಟ್ಟು. ಅದರಿಂದ ತಕ್ಷಣ ಅಪಾಯವಿಲ್ಲ. ಆದರೆ ಎಲ್ಲರಿಗೂ ಅದು ಬೇಕಿಲ್ಲ, ಬಿ-12 ಕಡಿಮೆ ಇರುವವರಿಗೆ ಅದರಿಂದ ಒಂದು ತೊಡಕೂ ಇದೆ. ಮುಂದೆ ಹೇಳುತ್ತೇನೆ.

ಹೆಚ್ಚಿನ ಪ್ರಮಾಣ ಬೇಕಾದವರು ಬೇರೆ. ಹಿಂದಿನ ಮಗುವಿಗೆ ನರಕೊಳವೆಯ ದೋಷ ಇದ್ದವರು, ಸಕ್ಕರೆ ಕಾಯಿಲೆ ಇರುವವರು, ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಇವರಿಗೆ ವೈದ್ಯರೇ 4 ಅಥವಾ 5 ಮಿಲಿಗ್ರಾಂ ಬರೆದುಕೊಡುತ್ತಾರೆ. ಮೂರ್ಛೆರೋಗದ ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು: ಮದುವೆಯ ಮಾತುಕತೆ ನಡೆಯುವಾಗ ಕಾಯಿಲೆ ಮುಚ್ಚಿಟ್ಟು, ಮದುವೆಯಾದ ಮೇಲೆ ಕದ್ದು ಮಾತ್ರೆ ನುಂಗುವ ಹುಡುಗಿಯರನ್ನು ನಾನು ಕಂಡಿದ್ದೇನೆ. ವಾಲ್‌ಪ್ರೋಯೇಟ್ ಎಂಬ ಔಷಧಿಯಿಂದ ಮಗುವಿನ ಬೆನ್ನುಹುರಿಗೆ, ಬುದ್ಧಿಯ ಬೆಳವಣಿಗೆಗೆ ಅಪಾಯ ಹೆಚ್ಚು. ಅದನ್ನು ಬದಲಿಸಬೇಕಾದರೆ ನರರೋಗ ತಜ್ಞರು ಬಸಿರಿಗೆ ಮುಂಚೆಯೇ ಬದಲಿಸಬೇಕು. ಹೆದರಿ ತಾವೇ ಮಾತ್ರೆ ನಿಲ್ಲಿಸಿದರೆ ಮೂರ್ಛೆ ಬಂದು ತಾಯಿಯ ಜೀವಕ್ಕೇ ಕುತ್ತು.

ಮೀಥೈಲ್‌ಫೋಲೇಟ್ ಎಂಬ ದುಬಾರಿ ರೂಪವೇ ಶ್ರೇಷ್ಠ ಎಂದು ಈಗ ಪ್ರಚಾರ ನಡೆದಿದೆ. ನರಕೊಳವೆಯ ದೋಷ ತಡೆಯುತ್ತದೆಂದು ಪರೀಕ್ಷೆಗಳಲ್ಲಿ ಸಾಬೀತಾಗಿರುವುದು ಸಾದಾ ಫೋಲಿಕ್ ಆಮ್ಲವೇ. ದಿನಕ್ಕೆ ಒಂದೆರಡು ರೂಪಾಯಿಯ ಮಾತ್ರೆ ಸಾಕು.

3. ಸೊಪ್ಪು ತಿನ್ನಿ, ಆದರೆ ಸೊಪ್ಪಿದೆ ಎಂದು ಮಾತ್ರೆ ಬಿಡಬೇಡಿ

1928ರಲ್ಲಿ ಬೊಂಬಾಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರು ತೀವ್ರ ರಕ್ತಹೀನತೆಯಿಂದ ನರಳುತ್ತಿದ್ದುದನ್ನು ಅಧ್ಯಯನ ಮಾಡಿದರು. ಯೀಸ್ಟಿನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಆಕೆ ಅದನ್ನು ಪ್ರಕಟಿಸಿದರು. ಅದರಲ್ಲಿದ್ದ ಅಂಶ ಫೋಲೇಟ್, ಅಂದರೆ ಫೋಲಿಕ್ ಆಮ್ಲದ ಸಹಜ ರೂಪ, ಎಂದು ಮುಂದೆ ಗೊತ್ತಾಯಿತು. ಜಗತ್ತಿನ ಬಸುರಿಯರೆಲ್ಲ ಇಂದು ನುಂಗುವ ಮಾತ್ರೆಯ ಕಥೆ ಶುರುವಾದದ್ದು ನಮ್ಮ ದೇಶದ ಬಡ ಹೆಂಗಸರಿಂದ ಎಂಬುದನ್ನು ನಾನು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ತಪ್ಪದೆ ಹೇಳುತ್ತೇನೆ.

ಸೊಪ್ಪು, ಕಾಳುಗಳಲ್ಲೂ ಇರುವ ಈ ಫೋಲೇಟ್ ನೀರಿನಲ್ಲಿ ಕರಗುತ್ತದೆ, ಕಾವಿಗೆ ಹಾಳಾಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದೂ ಹೋಯಿತು. ಈ ವಿಷಯದಲ್ಲಿ ನಮ್ಮ ಬಸ್ಸಾರು ಜಾಣ ಅಡುಗೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟೇ ಸಾರಾಗುತ್ತದೆ, ಏನೂ ಮೋರಿಗೆ ಹೋಗುವುದಿಲ್ಲ. ದಂಟು, ಕೀರೆ, ನುಗ್ಗೆಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆ ಎಲ್ಲವೂ ಒಳ್ಳೆಯವೇ. ಆದರೂ ಬೆಂದ ಮೇಲೆ ಎಷ್ಟು ಉಳಿಯಿತು, ಎಲ್ಲರಿಗೂ ಬಡಿಸಿ ಕೊನೆಗೆ ಕೂತ ಸೊಸೆಯ ತಟ್ಟೆಗೆ ಎಷ್ಟು ಬಂತು ಎಂಬುದಕ್ಕೆ ಖಾತ್ರಿಯಿಲ್ಲ. ಅದಕ್ಕೇ ಮಾತ್ರೆ.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಸೇರಿಸುತ್ತಾರೆ ಎಂದು ಆರಿಸಿ ಎಸೆಯುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಮಾಡಿದ ಕಾಳು, ಸುಮಾರು ನೂರು ಕಾಳಿಗೆ ಒಂದರಂತೆ ಬೆರೆಸಿದ್ದು. ಎಸೆಯಬೇಡಿ.

4. ಸಸ್ಯಾಹಾರಿಗಳಾದರೆ ಬಿ-12 ಪರೀಕ್ಷೆ ಮಾಡಿಸಿ

ಬಿ-12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು, ತರಕಾರಿ, ಕಾಳುಗಳಲ್ಲಿ ಇಲ್ಲ. ಮಾಂಸ ತಿನ್ನುವ ಮನೆಗಳಲ್ಲೂ ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ತಿಂದರೆ ಕೊರತೆ ಆಗಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಬಸುರಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 43 ಮಂದಿಗೆ ಬಿ-12 ಕಡಿಮೆ ಇತ್ತು. ಅಂಥವರಲ್ಲಿ ಬಸಿರಿನ ಸಕ್ಕರೆ ಕಾಯಿಲೆಯೂ ಹೆಚ್ಚು ಕಂಡಿತು. ಇದು ನಮ್ಮದೇ ನೆಲದ, ನಮ್ಮದೇ ಊಟ ಉಣ್ಣುವವರ ಲೆಕ್ಕ. ಪುಣೆಯ ಸುತ್ತಲ ಹಳ್ಳಿಗಳ ಅಧ್ಯಯನದಲ್ಲಿ ಬಿ-12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಹೆಚ್ಚು ಕಂಡುಬಂತು.

ಹೆಚ್ಚು ಫೋಲಿಕ್ ನುಂಗಿದರೆ ಬಿ-12 ಕೊರತೆಯ ರಕ್ತಹೀನತೆ ವರದಿಯಲ್ಲಿ ಮರೆಯಾಗುತ್ತದೆ. ಒಳಗೆ ನರಗಳಿಗೆ ಆಗುವ ಹಾನಿ ಮಾತ್ರ ಮುಂದುವರಿಯುತ್ತದೆ. ನಾನು ಮೇಲೆ ಹೇಳಿದ ತೊಡಕು ಇದೇ. ಕೈಕಾಲು ಜೋಮು, ನಾಲಿಗೆ ಉರಿ, ಮರೆವು ಇದ್ದವರು, ಪಿಸಿಓಡಿಗೆ (ಅಂಡಾಶಯದ ತೊಂದರೆ, ಪಿಸಿಓಎಸ್ ಎಂದೂ ಕರೆಯುತ್ತಾರೆ) ಬಹಳ ಕಾಲದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರು ಮೊದಲು ಬಿ-12 ಪರೀಕ್ಷೆ ಮಾಡಿಸಬೇಕು. ಮೆಟ್‌ಫಾರ್ಮಿನ್ ಕರುಳಿನಲ್ಲಿ ಬಿ-12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಕೊರತೆ ಇದ್ದರೆ ಮಾತ್ರೆಯಲ್ಲೋ ಇಂಜೆಕ್ಷನ್ನಿನಲ್ಲೋ ಕೆಲವೇ ವಾರಗಳಲ್ಲಿ ತುಂಬಬಹುದು.

5. ರಕ್ತ ಕಡಿಮೆ ಇದ್ದರೆ ಬಸಿರಿಗೆ ಮುಂಚೆ ತುಂಬಿಕೊಳ್ಳಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಬಸಿರಾಗದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಎಂಟು, ಒಂಬತ್ತು ಇಟ್ಟುಕೊಂಡು ಬಸಿರಾದರೆ ಒಂಬತ್ತು ತಿಂಗಳೂ ಆ ಸಾಲ ತೀರಿಸುವುದರಲ್ಲೇ ಕಳೆಯುತ್ತದೆ. ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಯಿ ತಡೆಯಲಾರಳು.

ಐರನ್ ಮಾತ್ರೆ ಕೊಟ್ಟರೆ ಸಾಲದು, ನುಂಗುವ ಕ್ರಮ ಹೇಳಬೇಕು. ನಮ್ಮ ಕಡೆ ಬೆಳಗಿನ ಕಾಫಿಯ ಜೊತೆಗೇ ಮಾತ್ರೆ ನುಂಗುವ ರೂಢಿ. ಕಾಫಿ, ಟೀ, ಹಾಲು, ಸುಣ್ಣದ ಮಾತ್ರೆ ಇವೆಲ್ಲ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಊಟವಾಗಿ ಎರಡು ಗಂಟೆಯ ಮೇಲೆ ನಿಂಬೆಹಣ್ಣಿನ ಪಾನಕದ ಜೊತೆ, ಅಥವಾ ಒಂದು ನೆಲ್ಲಿಕಾಯಿ ತಿಂದು ನುಂಗಿ. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ನುಂಗಬಹುದು, ಹಾಗೆ ನುಂಗಿದಾಗ ಒಂದೊಂದು ಮಾತ್ರೆಯಿಂದಲೂ ಮೈಗೆ ಹೆಚ್ಚು ಹತ್ತುತ್ತದೆ. ಮಲ ಕಪ್ಪಗಾದರೆ ಹೆದರಬೇಡಿ.

ಎರಡು ಮೂರು ತಿಂಗಳು ಸರಿಯಾಗಿ ನುಂಗಿದರೂ ಏರದಿದ್ದರೆ ಮತ್ತೊಂದು ಬಾಟಲಿ ಟಾನಿಕ್ ಬೇಡ. ಮುಟ್ಟಿನಲ್ಲಿ ಅತಿಯಾಗಿ ಹೋಗುತ್ತಿದೆಯೇ, ಮೂಲವ್ಯಾಧಿ ಇದೆಯೇ, ಜಂತುಹುಳು ಇದೆಯೇ, ಥಲಸ್ಸೀಮಿಯಾದ ಅಂಶ ವಂಶದಲ್ಲಿದೆಯೇ ನೋಡಬೇಕು. ಕೊನೆಯದು ಇದ್ದರೆ ಗಂಡನಿಗೂ ಪರೀಕ್ಷೆ ಆಗಬೇಕು, ಇಬ್ಬರಲ್ಲೂ ಇದ್ದರೆ ಮಗುವಿಗೆ ಅಪಾಯ. ಜಂತುಹುಳುವಿನ ಆಲ್ಬೆಂಡಜೋಲ್ ಮಾತ್ರೆಯನ್ನು ಮುಟ್ಟಾದ ದಿನಗಳಲ್ಲೇ ನುಂಗಿ. ಬಸಿರಿನ ಮೊದಲ ಮೂರು ತಿಂಗಳಲ್ಲಿ ಅದು ಬೇಡ.

6. ಥೈರಾಯ್ಡ್ ಮಾತ್ರೆ, ಉಪ್ಪು, ಕೂದಲಿನ ಕ್ಯಾಪ್ಸೂಲು

ಮೂರನ್ನೂ ಒಂದೇ ಕಡೆ ಹೇಳಲು ಕಾರಣವಿದೆ.

ಥೈರಾಕ್ಸಿನ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಬೇಕು. ಐರನ್, ಕ್ಯಾಲ್ಸಿಯಂ ಮಾತ್ರೆಗಳನ್ನು ಅದಾಗಿ ನಾಲ್ಕು ಗಂಟೆಯ ಮೇಲೆ. ಎಲ್ಲವನ್ನೂ ಒಟ್ಟಿಗೆ ನುಂಗಿ "ಡೋಸ್ ಏರಿಸಿದರೂ ಟಿಎಸ್‌ಎಚ್ ಇಳೀತಿಲ್ಲ ಮೇಡಂ" ಎನ್ನುವವರು ಬಹಳ. ಥೈರಾಯ್ಡ್ ಇರುವವರು ಬಸಿರಿಗೆ ಮುಂಚೆ ಟಿಎಸ್‌ಎಚ್ 2.5ರ ಒಳಗೆ ತಂದುಕೊಳ್ಳುವುದು ಒಳ್ಳೆಯದು. ಮುಟ್ಟು ತಪ್ಪಿದ ಕೂಡಲೇ ಮತ್ತೆ ಪರೀಕ್ಷೆ ಆಗಬೇಕು, ಬಸಿರಿನಲ್ಲಿ ಮಾತ್ರೆಯ ಅಗತ್ಯ ಏರುತ್ತದೆ.

ಥೈರಾಯ್ಡಿಗೆ ಬೇಕಾದ ಅಯೋಡಿನ್ ನಮಗೆ ಬರುವುದು ಉಪ್ಪಿನಿಂದ. ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಲವಣಕ್ಕೆ ಬದಲಾಗಿರುವ ಮನೆಗಳು ಈಗ ಹೆಚ್ಚು. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಮಗು ಬೇಕೆನ್ನುವ ಮನೆಯಲ್ಲಿ ಅಯೋಡಿನ್ ಉಪ್ಪೇ ಇರಲಿ, ಡಬ್ಬ ಮುಚ್ಚಿರಲಿ.

ಕೂದಲು, ಉಗುರಿಗೆಂದು ಮಾರುವ ಕ್ಯಾಪ್ಸೂಲುಗಳಲ್ಲಿ ಬಯೋಟಿನ್ ಬಹಳ ಹೆಚ್ಚು ಪ್ರಮಾಣದಲ್ಲಿರುತ್ತದೆ. ಅದು ಲ್ಯಾಬಿನ ಹಾರ್ಮೋನು ಪರೀಕ್ಷೆಗಳ ಫಲಿತಾಂಶವನ್ನು ಏರುಪೇರು ಮಾಡುತ್ತದೆ. ಥೈರಾಯ್ಡ್ ಸರಿಯಿದ್ದರೂ ಅತಿಯಾಗಿದೆ ಎಂದು ವರದಿ ಬರಬಹುದು. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ವೈದ್ಯರಿಗೂ ಹೇಳಿ. ಕೂದಲಿನ ಮಾತ್ರೆಯನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ ನಾನು ಅದನ್ನು ಹೆಸರಿಟ್ಟು ಕೇಳುತ್ತೇನೆ.

7. ವಿಟಮಿನ್ ಡಿ: ಕೊರತೆ ಇದ್ದರೆ ಮಾತ್ರ, ಹೇಳಿದಷ್ಟು ವಾರ ಮಾತ್ರ

60,000 ಯೂನಿಟ್ಟಿನ ಡಿ ವಿಟಮಿನ್ ವಾರಕ್ಕೊಂದರಂತೆ ನಿಗದಿತ ವಾರಗಳಿಗೆ ಬರೆದದ್ದು. ಅದನ್ನೇ ದಿನವೂ ಅಥವಾ ವರ್ಷಗಟ್ಟಲೆ ತೆಗೆದುಕೊಂಡರೆ ರಕ್ತದಲ್ಲಿ ಸುಣ್ಣದಂಶ ಏರಿ ವಾಂತಿ, ಅತಿ ಬಾಯಾರಿಕೆ, ಮೂತ್ರಪಿಂಡದ ತೊಂದರೆ ಆಗುತ್ತವೆ. ಇದರಿಂದ ಗರ್ಭ ಬೇಗ ಕಟ್ಟುತ್ತದೆ ಎಂಬುದು ಸಾಬೀತಾಗಿಲ್ಲ. ಮೂಳೆಗೆ, ಒಟ್ಟು ಆರೋಗ್ಯಕ್ಕೆ ಬೇಕು, ಅಷ್ಟೆ.

8. ಕೆಲವನ್ನು ನಿಲ್ಲಿಸಬೇಕು

ವಿಟಮಿನ್ ಎ, ರೆಟಿನಾಲ್ ರೂಪದಲ್ಲಿ ದಿನಕ್ಕೆ 10,000 ಯೂನಿಟ್ ಮೀರಿದರೆ ಮಗುವಿನ ಅಂಗಗಳಿಗೆ ಕೆಡುಕು. ಎರಡು ಮೂರು ಕಂಪನಿಗಳ ಮಲ್ಟಿವಿಟಮಿನ್ ಜೊತೆಗೆ ಕಾಡ್ ಲಿವರ್ ಎಣ್ಣೆಯನ್ನೂ ನುಂಗುವವರು ಅಲ್ಲಿಗೆ ಮುಟ್ಟಬಹುದು. ಕ್ಯಾರೆಟ್, ಪಪ್ಪಾಯಿ, ಸೊಪ್ಪಿನಲ್ಲಿರುವ ರೂಪದಿಂದ ಆ ಅಪಾಯವಿಲ್ಲ. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಇದೇ ಕುಲದ್ದು, ಇನ್ನೂ ಅಪಾಯಕಾರಿ. ಅದನ್ನು ನಿಲ್ಲಿಸಿ ಒಂದು ತಿಂಗಳಾದರೂ ಕಳೆಯದೆ ಗರ್ಭ ಕಟ್ಟಬಾರದು.

ಹೆಸರಿಲ್ಲದ ಪೊಟ್ಟಣಗಳ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ. ಒಳಗೇನಿದೆ ಎಂದು ಬರೆದಿರದ ಪುಡಿ, ಭಸ್ಮ ಯಾವುದನ್ನೂ ಗರ್ಭಕ್ಕೆ ಕಾಯುವವರು ತಿನ್ನಬಾರದು. ಕೆಲವದರಲ್ಲಿ ಸೀಸ, ಪಾದರಸ ಸಿಕ್ಕಿದೆ. ಸೀಸ ತಾಯಿಯ ಮೂಳೆಯಲ್ಲಿ ಉಳಿದು ಬಸಿರಿನಲ್ಲಿ ಮಗುವಿಗೆ ಹೋಗುತ್ತದೆ. ಗಂಡುಮಗು ಆಗಲೆಂದು ಕೊಡುವ ಔಷಧಿಯಂತೂ ಬೇಡವೇ ಬೇಡ. ಮಗು ಹೆಣ್ಣೋ ಗಂಡೋ ಎಂಬುದು ವೀರ್ಯಾಣು ಅಂಡವನ್ನು ಸೇರಿದ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಉತ್ತರ ಭಾರತದ ಅಧ್ಯಯನಗಳಲ್ಲಿ ಇಂಥ ಔಷಧಿ ತಿಂದವರ ಮಕ್ಕಳಲ್ಲಿ ಹುಟ್ಟುದೋಷಗಳು ಹೆಚ್ಚು ಕಂಡಿವೆ.

9. ಪಿಸಿಓಡಿ ಪುಡಿ, ಅಂಡದ ಶಕ್ತಿಯ ಮಾತ್ರೆ

ಇನೋಸಿಟಾಲ್ ಪುಡಿಯಿಂದ ಕೆಲವರಲ್ಲಿ ಮುಟ್ಟು ಕ್ರಮಕ್ಕೆ ಬರುವುದನ್ನು ನೋಡಿದ್ದೇನೆ. ಅಪಾಯವೂ ಕಡಿಮೆ. ಆದರೆ 2023ರ ಪಿಸಿಓಎಸ್ ಅಂತರರಾಷ್ಟ್ರೀಯ ಮಾರ್ಗಸೂಚಿ ಅದರ ಪುರಾವೆ ಇನ್ನೂ ಸೀಮಿತ ಎಂದೇ ಹೇಳುತ್ತದೆ. ಅಂಡ ಬಿಡುಗಡೆಯಾಗದವರಿಗೆ ಮೊದಲ ಔಷಧಿ ಲೆಟ್ರೋಜೋಲ್. ತೂಕ ಹೆಚ್ಚಿದ್ದವರು ಶೇ. 5ರಿಂದ 10ರಷ್ಟು ಇಳಿಸಿಕೊಂಡರೆ ಎಷ್ಟೋ ಮಂದಿಯಲ್ಲಿ ಅಂಡ ತಾನಾಗಿ ಬಿಡುಗಡೆಯಾಗುತ್ತದೆ. ಪುಡಿಗೆ ದುಡ್ಡು ಸಾಲದಿದ್ದರೆ ಚಿಂತಿಸಬೇಡಿ, ಸಂಜೆ ಒಂದು ಗಂಟೆ ಬಿರುಸಾಗಿ ನಡೆಯಿರಿ.

ಕೋ-ಎನ್‌ಜೈಮ್ ಕ್ಯೂ-10 ಅಂಡಗಳ ಗುಣ ಏರಿಸುತ್ತದೆ ಎಂಬುದು ಇನ್ನೂ ಖಚಿತವಾಗಿಲ್ಲ. ಡಿಎಚ್‌ಇಎ ವಿಟಮಿನ್ನೇ ಅಲ್ಲ, ಹಾರ್ಮೋನು. ಮೊಡವೆ, ಮುಖದ ಕೂದಲು ತರುತ್ತದೆ, ಪಿಸಿಓಡಿ ಇದ್ದವರಲ್ಲಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ತಜ್ಞರು ಬರೆದುಕೊಡದೆ ಮುಟ್ಟಬೇಡಿ.

10. ಗಂಡನಿಗೆ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ

ಮಕ್ಕಳಾಗದಿರುವುದರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗಂಡಿನ ಪಾಲೂ ಇರುತ್ತದೆ. ಆದರೂ ಹೆಂಡತಿ ವರ್ಷಗಟ್ಟಲೆ ಮಾತ್ರೆ ನುಂಗಿದ ಮೇಲೆ ಗಂಡನ ವೀರ್ಯ ಪರೀಕ್ಷೆ ಆಗುವುದು ನಮ್ಮಲ್ಲಿ ಸಾಮಾನ್ಯ. ಅಗ್ಗದ, ನೋವಿಲ್ಲದ ಆ ಪರೀಕ್ಷೆ ಮೊದಲ ತಿಂಗಳೇ ಆಗಬೇಕು. ಗಂಡಸರಿಗೆಂದು ಮಾರುವ ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಅಮೆರಿಕದಲ್ಲಿ 2,370 ದಂಪತಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ವೀರ್ಯದ ಗುಣವೂ ಏರಲಿಲ್ಲ, ಮಕ್ಕಳಾಗುವುದೂ ಹೆಚ್ಚಲಿಲ್ಲ, ಹೊಟ್ಟೆಯ ತೊಂದರೆ ಮಾತ್ರ ಹೆಚ್ಚಿತು. ಬೀಡಿ, ಸಿಗರೇಟು, ಗುಟ್ಕಾ, ಕುಡಿತ ಬಿಡುವುದು ಇದಕ್ಕಿಂತ ದೊಡ್ಡ ಚಿಕಿತ್ಸೆ.

11. ಮಾತ್ರೆ ನುಂಗುತ್ತ ಕಾಲ ಕಳೆಯಬೇಡಿ

ಯಾವ ವಿಟಮಿನ್ನೂ ಮುಚ್ಚಿದ ಗರ್ಭನಾಳ ತೆರೆಯದು, ವಯಸ್ಸನ್ನು ಹಿಂದಕ್ಕೆ ತಳ್ಳದು. ಗರ್ಭನಿರೋಧಕ ಇಲ್ಲದೆ ಒಂದು ವರ್ಷ ಕೂಡಿದರೂ ಬಸಿರಾಗದಿದ್ದರೆ, 35 ದಾಟಿದವರಾದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ತಜ್ಞರನ್ನು ಕಾಣಿ. ಮುಟ್ಟೇ ಸರಿಯಾಗಿ ಆಗದವರು ಅಷ್ಟೂ ಕಾಯಬಾರದು. ಬರುವಾಗ ತಿನ್ನುತ್ತಿರುವುದನ್ನೆಲ್ಲ, ಪೊಟ್ಟಣವನ್ನೂ ಸೇರಿಸಿ, ತನ್ನಿ. ಯಾರೂ ಬೈಯುವುದಿಲ್ಲ.

ಆಶಾ ಕಾರ್ಯಕರ್ತೆಯರಲ್ಲಿ, ಆರೋಗ್ಯ ಇಲಾಖೆಯವರಲ್ಲಿ ನನ್ನದೊಂದು ಕೋರಿಕೆ. ಬಸಿರಿಗೆ ಮುಂಚಿನಿಂದಲೇ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಕೊಡಬೇಕೆಂದು ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲೇ ಹೇಳಿದೆ. ಆದರೆ ನಮ್ಮಲ್ಲಿ ಹೆಣ್ಣುಮಗಳ ಹೆಸರು ದಾಖಲಾಗಿ ಮಾತ್ರೆ ಕೈಗೆ ಬರುವುದು ತಾಯಿ ಕಾರ್ಡ್ ಆದ ಮೇಲೆ. ಹೊಸದಾಗಿ ಮದುವೆಯಾದವರ ಮನೆಗೆ ನಿರೋಧ್, ಮಾಲಾ ಮಾತ್ರೆ ತಲುಪಿಸುವ ನೀವೇ ಅದನ್ನು ನಿಲ್ಲಿಸಿದವರು ಯಾರೆಂದೂ ಬಲ್ಲಿರಿ. ಅವರ ಮನೆಗೆ ಮುಂದಿನ ಸಲ ಹೋಗುವಾಗ ಫೋಲಿಕ್ ಆಮ್ಲದ ಮಾತ್ರೆಯನ್ನೂ ಒಯ್ಯಿರಿ.